ಎಳೆಯುವ ಕೈಯೇ ಸಡಿಲಿಸುವ ಕೈ

ಸಂಕ್ರಾಂತಿಯ ಹೊತ್ತಿಗೆ ನಾಗಪುರದ ಮಹಾಲ್ ಬಡಾವಣೆಯಲ್ಲಿ ಗಾಳಿಪಟದ ಮಾಂಜಾ ದಾರ ಬೆರಳು ಕೊಯ್ದರೆ ಯಾರೂ ಅಷ್ಟಾಗಿ ಗಾಬರಿಯಾಗುವುದಿಲ್ಲ. ಬಟ್ಟೆ ಸುತ್ತಿ, ಧನುರ್ವಾಯು ಲಸಿಕೆ ಚುಚ್ಚಿಸಿಕೊಂಡು ಮತ್ತೆ ಮಾಳಿಗೆ ಹತ್ತುತ್ತಾರೆ. ನನಗೆ ರುಚಿಸುವುದು ಆಮೇಲೆ ಕಂಕುಳಿನ ದುಗ್ಧಗ್ರಂಥಿಯಲ್ಲಿ ನಡೆಯುವ ಆಟ.

ಅಲ್ಲಿನ ಬಿ ಕೋಶವೊಂದರ ಮೈಮೇಲೆ ಸುಮಾರು ಒಂದು ಲಕ್ಷ ಗ್ರಾಹಕಗಳು, ಎಲ್ಲವೂ ಒಂದೇ ಅಚ್ಚಿನವು. ಲಸಿಕೆಯ ಕಣ ಅವುಗಳಲ್ಲಿ ಕೆಲವನ್ನು ಒಟ್ಟಿಗೆ ಸೆಳೆದರೆ ಸಾಕು, ಒಳಗಿನ ಲಿನ್ ಎಂಬ ಪ್ರೋಟೀನು ಗ್ರಾಹಕದ ಬಾಲಕ್ಕೆ ಫಾಸ್ಫೇಟ್ ಅಂಟಿಸುತ್ತದೆ. ಅದನ್ನು ಹಿಡಿದು ಸಿಕ್ ಎಂಬ ಇನ್ನೊಂದು ಪ್ರೋಟೀನು ಬರುತ್ತದೆ, ಸಿಕ್‌ನ ಬೆನ್ನಿಗೆ ಬಿಟಿಕೆ ಎಂಬ ಮತ್ತೊಂದು. ನಿಮಿಷ ಕಳೆಯುವುದರೊಳಗೆ ಕೋಶದ ತುಂಬ ಕ್ಯಾಲ್ಸಿಯಂ. ಇಷ್ಟಾದರೂ ಟಿ ಕೋಶದ ಒಪ್ಪಿಗೆ ಸಿಗದೆ ಆಟ ಹೆಚ್ಚು ಮುಂದೆ ಹೋಗದು. ಸಿಕ್ಕಿತೋ, ಕೋಶ ಹಿಗ್ಗಿ ಸೆಕೆಂಡಿಗೆ ಸಾವಿರಾರು ಪ್ರತಿಕಾಯ ಉಗುಳುತ್ತದೆ.

ಬಿಟಿಕೆಯ ಹೆಸರಿನಲ್ಲಿ ಒಬ್ಬ ಮಕ್ಕಳ ವೈದ್ಯರಿದ್ದಾರೆ: ಅಮೆರಿಕದ ಸೇನಾ ಆಸ್ಪತ್ರೆಯ ಆಗ್ಡನ್ ಬ್ರೂಟನ್. ಮತ್ತೆ ಮತ್ತೆ ಸೋಂಕಿಗೆ ಬೀಳುತ್ತಿದ್ದ 8 ವರ್ಷದ ಹುಡುಗನ ರಕ್ತವನ್ನು ವಿದ್ಯುತ್ತಿನಲ್ಲಿ ಓಡಿಸಿ ನೋಡಿದರೆ ಗಾಮಾ ಗ್ಲೋಬ್ಯುಲಿನ್, ಅಂದರೆ ಪ್ರತಿಕಾಯಗಳು, ಇರಬೇಕಾದ ಜಾಗ ಖಾಲಿ. ಅದನ್ನವರು ಪ್ರಕಟಿಸಿದ್ದು 1952ರಲ್ಲಿ. ಕೆಟ್ಟಿದ್ದು ಬಿಟಿಕೆಯ ಜೀನ್ ಎಂದು ತಿಳಿದದ್ದು 1993ರಲ್ಲಿ. ಅದೇ ಬಿಟಿಕೆಯ ಬಾಯಿ ಕಟ್ಟುವ ಇಬ್ರುಟಿನಿಬ್ ಈಗ ಬಿ ಕೋಶಗಳ ಕ್ಯಾನ್ಸರಿಗೆ ಔಷಧ.

ಆದರೆ ನನ್ನ ಮೆಚ್ಚುಗೆ ಲಿನ್‌ಗೆ. ಲಿನ್ ಇಲ್ಲದ ಇಲಿ ಪ್ರತಿಕಾಯವಿಲ್ಲದೆ ಸೊರಗಬೇಕು ಎಂದು ಯಾರಿಗಾದರೂ ಅನಿಸೀತು. ಆಗುವುದು ತಿರುವುಮುರುವು: ಅದರ ಬಿ ಕೋಶಗಳು ಕೆರಳಿ, ತಮ್ಮದೇ ದೇಹದ ವಿರುದ್ಧ ಪ್ರತಿಕಾಯ ಹುಟ್ಟಿಸಿ, ಮೂತ್ರಪಿಂಡವನ್ನೇ ಹಾಳುಮಾಡುತ್ತವೆ. ಹೊತ್ತಿಸುವ ಕೆಲಸವನ್ನು ಲಿನ್‌ನ ಬಂಧುಗಳೂ ಹೇಗೋ ನಿಭಾಯಿಸುತ್ತವೆ. ಆರಿಸುವುದಕ್ಕೆ ಮಾತ್ರ ಲಿನ್ ಬೇಕೇ ಬೇಕು. ಇಲ್ಲಿನ ಹುಡುಗರು ದಾರ ಎಳೆಯುವ ಬೆರಳಿನಲ್ಲೇ ‘ಢೀಲ್’ ಕೊಟ್ಟು ದಾರ ಸಡಿಲ ಬಿಡುವ ಹಾಗೆ! ಬಿ ಕೋಶವನ್ನು ತಣ್ಣಗಾಗಿಸುವ ತಡೆಗ್ರಾಹಕಗಳ ಬಾಲಕ್ಕೂ ಫಾಸ್ಫೇಟ್ ಅಂಟಿಸುವುದು ಅದೇ ಲಿನ್. ಅಲ್ಲಿಗೆ ಬರುವ ಶಿಪ್ ಎಂಬ ಕಿಣ್ವ, ಬಿಟಿಕೆ ಪೊರೆಗೆ ಅಂಟಿ ನಿಲ್ಲಲು ಬೇಕಾದ ಕೊಬ್ಬಿನ ಅಣುವನ್ನೇ ಕೆಡಿಸಿಬಿಡುತ್ತದೆ. ಜಗಳವಿಲ್ಲ, ಕಾಲಡಿಯ ಮಣೆ ಎಳೆದದ್ದಷ್ಟೆ.

ಈ ತಡೆಯನ್ನು ಎಬ್ಬಿಸುವವರಲ್ಲಿ ಒಬ್ಬರು ಯಾರೆಂದರೆ, ತಯಾರಾಗಿ ರಕ್ತಕ್ಕಿಳಿದ ಪ್ರತಿಕಾಯವೇ: ಲಸಿಕೆಯ ಕಣವನ್ನು ಕಚ್ಚಿಕೊಂಡೇ ವಾಪಸು ಬಂದು, ಬಿ ಕೋಶದ ಗ್ರಾಹಕವನ್ನೂ ತಡೆಗ್ರಾಹಕವನ್ನೂ ಒಂದೇ ಹಿಡಿತದಲ್ಲಿ ಹಿಡಿಯುತ್ತದೆ.