ಕರೆಂಟ್ ಹೋದ ಸುದ್ದಿ: ಮನೆಯ ನ್ಯಾಸ್‌ಗೆ ಯುಪಿಎಸ್ ಜೋಡಣೆಯ ವಿಮರ್ಶೆ

ಮನೆಮಂದಿಯ ಫೋಟೊ, ವಿಡಿಯೊ, ಕಡತಗಳನ್ನೆಲ್ಲ ಹೊತ್ತು ಹಗಲೂ ರಾತ್ರಿ ಓಡುವ ನ್ಯಾಸ್ ಪೆಟ್ಟಿಗೆಗೆ ಯುಪಿಎಸ್ ಇರಬೇಕು ಎಂಬ ಸಲಹೆ ಈಗ ಹೊಸದಲ್ಲ. ಎಷ್ಟೋ ಮನೆಗಳಲ್ಲಿ ಮಾತ್ರ ಈ ಜೋಡಣೆ ಅರ್ಧಕ್ಕೇ ನಿಲ್ಲುತ್ತದೆ. ನ್ಯಾಸ್‌ನ ಪ್ಲಗ್ ಯುಪಿಎಸ್‌ನ ಹಿಂಬದಿಯ ಸಾಕೆಟ್‌ಗೆ ಸೇರುತ್ತದೆ. ಜೊತೆಗೆ ಬಂದ ಡೇಟಾ ಕೇಬಲ್ ರಟ್ಟಿನ ಡಬ್ಬದಲ್ಲೇ ಉಳಿಯುತ್ತದೆ. ಇಂಥ ಯುಪಿಎಸ್‌ನಿಂದ ಚಿಕ್ಕಪುಟ್ಟ ಕಡಿತಗಳೇನೋ ದಾಟುತ್ತವೆ. ಉದ್ದನೆಯ ಕಡಿತ ಬಂದರೆ ಬ್ಯಾಟರಿ ಬರಿದಾದ ಕ್ಷಣ ನ್ಯಾಸ್ ಥಟ್ಟನೆ ಆರಿಹೋಗುತ್ತದೆ. ಆಗಬಾರದ್ದು ಆಗಿಯೇ ತೀರುತ್ತದೆ, ಅರ್ಧ ಗಂಟೆ ತಡವಾಗಿ. ಈ ಜೋಡಣೆಯ ಬೆಲೆ ಬ್ಯಾಟರಿಯಲ್ಲಿಲ್ಲ, ಕರೆಂಟ್ ಹೋದ ಸುದ್ದಿಯನ್ನು ನ್ಯಾಸ್‌ಗೆ ಮುಟ್ಟಿಸುವ ಆ ಕೇಬಲ್‌ನಲ್ಲಿದೆ.

ಥಟ್ಟನೆ ಆರಿದರೆ ನಿಜವಾಗಿ ಏನು ಹಾಳಾಗುತ್ತದೆ? ಈ ಬಗ್ಗೆ ಹೆದರಿಕೆ ಕೆಲವೊಮ್ಮೆ ಅತಿಯಾಗಿದೆ. ಇಎಕ್ಸ್‌ಟಿ4 ಕಡತ ವ್ಯವಸ್ಥೆ ಬದಲಾವಣೆಗಳನ್ನು ಮೊದಲು ಜರ್ನಲ್‌ನಲ್ಲಿ ಬರೆದುಕೊಳ್ಳುತ್ತದೆ. ಬಿಟಿಆರ್‌ಎಫ್‌ಎಸ್ ಹಳೆಯದರ ಮೇಲೆ ಬರೆಯದೆ ಬೇರೆ ಜಾಗದಲ್ಲಿ ಬರೆದು ನಂತರ ಕೊಂಡಿ ಬದಲಿಸುತ್ತದೆ. ಹಾರ್ಡ್ ಡಿಸ್ಕ್‌ಗಳಂತೂ ಕರೆಂಟ್ ಹೋದೊಡನೆ ತಿರುಗುವ ತಟ್ಟೆಯ ವೇಗದಿಂದಲೇ ಶಕ್ತಿ ಪಡೆದು ಹೆಡ್ ಅನ್ನು ಸುರಕ್ಷಿತ ಜಾಗಕ್ಕೆ ಎಳೆದುಕೊಳ್ಳುತ್ತವೆ. ಹಾಗಾಗಿ ಒಂದು ಸಲ ಕರೆಂಟ್ ಹೋದ ಮಾತ್ರಕ್ಕೆ ಸರ್ವನಾಶವಾಗುವುದು ಅಪರೂಪ. ನಿಜವಾದ ಅಪಾಯ ಇನ್ನೂ ಡಿಸ್ಕ್ ತಲುಪದೆ ರ‍್ಯಾಮ್‌ನಲ್ಲೇ ಉಳಿದ ದತ್ತಾಂಶದ್ದು, ಮತ್ತು ಹಲವು ಡಿಸ್ಕ್‌ಗಳನ್ನು ರೇಡ್ 5 ಪದ್ಧತಿಯಲ್ಲಿ ಜೋಡಿಸಿ ಬಳಸುವವರ ಪಾಲಿಗೆ ಇನ್ನೂ ಸೂಕ್ಷ್ಮವಾದ ಇನ್ನೊಂದು ಸಂಗತಿಯದ್ದು. ರೇಡ್ 5ರಲ್ಲಿ ಒಂದು ಸಾಲಿನ ದತ್ತಾಂಶವನ್ನೂ ಅದರ ಪ್ಯಾರಿಟಿಯನ್ನೂ ಬೇರೆಬೇರೆ ಡಿಸ್ಕ್‌ಗಳಲ್ಲಿ ಬರೆಯಬೇಕು. ಒಂದು ಬರೆದು ಇನ್ನೊಂದು ಬರೆಯುವಷ್ಟರಲ್ಲಿ ಕರೆಂಟ್ ಹೋದರೆ ಎರಡಕ್ಕೂ ತಾಳೆಯಾಗುವುದಿಲ್ಲ. ಅಂದು ಅದು ಯಾರ ಕಣ್ಣಿಗೂ ಬೀಳದು. ಮುಂದೆಂದೋ ಒಂದು ಡಿಸ್ಕ್ ಕೆಟ್ಟು, ಉಳಿದವುಗಳಿಂದ ದತ್ತಾಂಶವನ್ನು ಮರಳಿ ಕಟ್ಟುವಾಗ ಆ ತಪ್ಪು ಪ್ಯಾರಿಟಿ ತಪ್ಪು ದತ್ತಾಂಶವನ್ನೇ ಕೊಡುತ್ತದೆ.

ಯುಪಿಎಸ್ ಮತ್ತು ಕಂಪ್ಯೂಟರ್ ನಡುವಿನ ಮಾತುಕತೆಗೆ ಒಂದು ಸಾಮಾನ್ಯ ಭಾಷೆ ಸಿಕ್ಕಿ ಬಹಳ ಕಾಲವಾಯಿತು. ಯುಎಸ್‌ಬಿ ಮೂಲಕ ವಿದ್ಯುತ್ ಸಾಧನಗಳು ತಮ್ಮ ಸ್ಥಿತಿಯನ್ನು ಹೇಗೆ ತಿಳಿಸಬೇಕೆಂಬ ನಿರ್ದಿಷ್ಟತೆ 1997ರಲ್ಲೇ ಪ್ರಕಟವಾಗಿದೆ. ಇದನ್ನು ಪಾಲಿಸುವ ಯುಪಿಎಸ್ ಅನ್ನು ನ್ಯಾಸ್‌ಗೆ ಚುಚ್ಚಿದರೆ ಲೈನ್ ವೋಲ್ಟೇಜ್, ಬ್ಯಾಟರಿಯ ಶೇಕಡಾವಾರು, ಉಳಿದ ಸಮಯ, ಈಗ ಲೈನ್ ಮೇಲಿದೆಯೋ ಬ್ಯಾಟರಿ ಮೇಲಿದೆಯೋ ಎಂಬ ವಿವರಗಳೆಲ್ಲ ತಾವಾಗಿಯೇ ಕಾಣಿಸುತ್ತವೆ. ಆ ವಿವರಗಳನ್ನು ಓದುವ ತಂತ್ರಾಂಶ ಹೆಚ್ಚಾಗಿ 'ನೆಟ್‌ವರ್ಕ್ ಯುಪಿಎಸ್ ಟೂಲ್ಸ್', ಸಂಕ್ಷೇಪದಲ್ಲಿ ನಟ್. 1990ರ ದಶಕದ ಕೊನೆಯಲ್ಲಿ ರಸೆಲ್ ಕ್ರೋಲ್ ಶುರುಮಾಡಿದ ಈ ಮುಕ್ತ ತಂತ್ರಾಂಶವೇ ಇಂದು ಸಿನಾಲಜಿ, ಕ್ಯೂನ್ಯಾಪ್ ಪೆಟ್ಟಿಗೆಗಳ ಚೆಂದದ ಮೆನುಗಳ ಹಿಂದೆ ಕೆಲಸ ಮಾಡುತ್ತಿದೆ. ಯುಪಿಎಸ್ ಜೊತೆ ಮಾತಾಡುವ ಡ್ರೈವರ್, ಆ ಮಾತನ್ನು ಹಂಚುವ ಸರ್ವರ್, ಕೇಳಿಸಿಕೊಂಡು ಯಂತ್ರವನ್ನು ಮುಚ್ಚುವ ಕಾವಲುಗಾರ ಎಂದು ಮೂರು ಭಾಗ ಮಾಡಿದ ಅದರ ರಚನೆ ಅಚ್ಚುಕಟ್ಟು. ಇಷ್ಟು ವರ್ಷ ಅದು ಬಾಳಿರುವುದಕ್ಕೆ ಆ ವಿಂಗಡಣೆಯೇ ಕಾರಣವಿರಬೇಕು.

ಸಿನಾಲಜಿಯ ನ್ಯಾಸ್ ತಂತ್ರಾಂಶ ಡಿಎಸ್‌ಎಂ ಇದರ ಮೇಲೆ ಸೇರಿಸಿದ 'ಸೇಫ್ ಮೋಡ್' ಮೆಚ್ಚಬೇಕಾದ ಕೆಲಸ. ಗೊತ್ತುಪಡಿಸಿದ ಸಮಯ ಮುಗಿದೊಡನೆ ನ್ಯಾಸ್ ತನ್ನ ಸೇವೆಗಳನ್ನೆಲ್ಲ ನಿಲ್ಲಿಸಿ, ಡಿಸ್ಕ್‌ಗಳ ಮೇಲಿನ ವಾಲ್ಯೂಮ್‌ಗಳನ್ನು ಬಿಡಿಸಿ, ಬರೆಯುವುದೇನೂ ಬಾಕಿ ಇಲ್ಲದ ಸ್ಥಿತಿಗೆ ಬಂದು ಕಾಯುತ್ತದೆ. ಆಮೇಲೆ ಬ್ಯಾಟರಿ ಸತ್ತರೂ ಕಳೆದುಕೊಳ್ಳುವಂಥದ್ದು ಏನೂ ಇರುವುದಿಲ್ಲ. ನಡುವೆ ಕರೆಂಟ್ ಬಂದರೆ ತಾನಾಗಿ ಮತ್ತೆ ಏಳುತ್ತದೆ.

ಆದರೆ ಅದೇ ಮೆನುವಿನಲ್ಲಿ, ಸೇಫ್ ಮೋಡ್‌ಗೆ ಯಾವಾಗ ಹೋಗಬೇಕು ಎಂಬ ಪ್ರಶ್ನೆಗೆ ಕೊಡುವ ಉತ್ತರಗಳಲ್ಲಿ ಒಂದು ದಾರಿತಪ್ಪಿಸುವಂಥದ್ದು. ಬ್ಯಾಟರಿ ಕಡಿಮೆಯಾಗುವವರೆಗೆ ಕಾಯುವುದು ಎಂಬ ಆಯ್ಕೆ ಕೇಳಲು ಜಾಣತನದಂತಿದೆ: ಇರುವಷ್ಟು ಹೊತ್ತು ಬಳಸಿಕೊಂಡಂತಾಯಿತಲ್ಲ! ಎಪಿಸಿ ಬ್ಯಾಕ್-ಯುಪಿಎಸ್‌ನ ಹಲವು ಮಾದರಿಗಳಲ್ಲಿ 'ಬ್ಯಾಟರಿ ಕಡಿಮೆ' ಎಂಬ ಎಚ್ಚರಿಕೆ ಬರುವುದು 120 ಸೆಕೆಂಡ್ ಉಳಿದಾಗ. ಒಂದೆರಡು ಕಂಟೇನರ್, ಒಂದು ಡೇಟಾಬೇಸ್, ವರ್ಚುವಲ್ ಯಂತ್ರ ಓಡಿಸುವ ನ್ಯಾಸ್‌ಗೆ ಎರಡು ನಿಮಿಷ ಸಾಲದೆ ಹೋಗಬಹುದು. ಅದಕ್ಕಿಂತ ಕೆಟ್ಟದ್ದು ಬ್ಯಾಟರಿಯ ವಯಸ್ಸು. ಸೀಸ-ಆಮ್ಲ ಬ್ಯಾಟರಿ ಸಾಮಾನ್ಯವಾಗಿ ಬಾಳುವುದು ಮೂರರಿಂದ ಐದು ವರ್ಷ. 25 ಡಿಗ್ರಿ ಮೇಲೆ ಪ್ರತಿ 10 ಡಿಗ್ರಿ ಶಾಖ ಹೆಚ್ಚಿದಾಗ ಆಯಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಈ ಕ್ಷೇತ್ರದ ರೂಢಿ ಲೆಕ್ಕ. ಮುಚ್ಚಿದ ಟಿವಿ ಕಪಾಟಿನಲ್ಲೋ ಬಿಸಿಲು ಕಾಯುವ ಅಟ್ಟದಲ್ಲೋ ಇಟ್ಟ ಬ್ಯಾಟರಿ ಮೂರು ವರ್ಷವನ್ನೂ ಮುಟ್ಟದಿರಬಹುದು. ಹಳತಾದ ಬ್ಯಾಟರಿ ಪರದೆಯಲ್ಲಿ 100 ಎಂದೇ ತೋರಿಸುತ್ತದೆ. ಹೊರೆ ಬಿದ್ದಾಗ ಎಚ್ಚರಿಕೆಯ ಗೆರೆಯನ್ನು ಒಂದೇ ನೆಗೆತಕ್ಕೆ ದಾಟಿ ನೆಲಕಚ್ಚುತ್ತದೆ. ಆದ್ದರಿಂದ ಬ್ಯಾಟರಿಯ ಮಾತು ನಂಬಿ ಕೂರುವುದಕ್ಕಿಂತ ಗಡಿಯಾರ ನೋಡಿ ಹೊರಡುವುದು ಲೇಸು: ಕರೆಂಟ್ ಹೋಗಿ ಐದು ನಿಮಿಷವಾದರೆ ಮುಚ್ಚು ಎಂದು ಗೊತ್ತುಪಡಿಸಿದರೆ ಸಾಕು.

ಐದೇ ನಿಮಿಷ ಸಾಕೆಂದಾದರೆ ದೊಡ್ಡ ಯುಪಿಎಸ್ ಯಾಕೆ ಎಂಬ ಪ್ರಶ್ನೆ ಸಹಜ. 600 ವಿಎ ಯುಪಿಎಸ್‌ನೊಳಗೆ ಸಾಮಾನ್ಯವಾಗಿ ಇರುವುದು 12 ವೋಲ್ಟ್, 7 ಆಂಪಿಯರ್-ಗಂಟೆಯ ಒಂದು ಬ್ಯಾಟರಿ. ಕಾಗದದ ಮೇಲೆ 84 ವಾಟ್-ಗಂಟೆ. ಪರಿವರ್ತನೆಯ ನಷ್ಟ ಮತ್ತು ಪೂರ್ತಿ ಬರಿದು ಮಾಡಲಾಗದ ಮಿತಿ ಕಳೆದರೆ ಕೈಗೆ ಸಿಗುವುದು ಸುಮಾರು ಅರ್ಧ. ಎರಡು ಡಿಸ್ಕ್‌ಗಳ ನ್ಯಾಸ್, ರೂಟರ್, ಸ್ವಿಚ್ ಎಲ್ಲ ಸೇರಿ 35 ವಾಟ್ ಎಳೆದರೆ ಹೊಸ ಬ್ಯಾಟರಿ ಮುಕ್ಕಾಲು ಗಂಟೆಗೂ ಮೇಲೆ ನಿಲ್ಲುತ್ತದೆ. ಅದೇ ಸಾಕೆಟ್‌ಗೆ ಡೆಸ್ಕ್‌ಟಾಪ್ ಮತ್ತು ಮಾನಿಟರ್ ಸೇರಿಸಿದರೆ ಲೆಕ್ಕ ಹತ್ತು ನಿಮಿಷದ ಆಸುಪಾಸಿಗೆ ಇಳಿಯುತ್ತದೆ. ಲೇಸರ್ ಪ್ರಿಂಟರನ್ನಂತೂ ಸೇರಿಸಲೇಬಾರದು. ಹಾಗಾಗಿ ದೊಡ್ಡದನ್ನು ಕೊಳ್ಳಲು ವಿಎ ಲೆಕ್ಕ ಕಾರಣವಲ್ಲ, ಇನ್ನೊಂದು ಕಾರಣವಿದೆ: ಇಲ್ಲಿನ ಅಂಗಡಿಗಳಲ್ಲಿ ಸಿಗುವ 600 ವಿಎ ವರ್ಗದ ಹಲವು ಮಾದರಿಗಳಲ್ಲಿ ಡೇಟಾ ಕಿಂಡಿಯೇ ಇರುವುದಿಲ್ಲ. ಅದು ಬೇಕೆಂದರೆ ಹೆಚ್ಚಾಗಿ 1000 ವಿಎ ಮೇಲಿನದಕ್ಕೆ ಹೋಗಬೇಕು. ಅಂಗಡಿಯವರು ಬ್ಯಾಕಪ್ ಎಷ್ಟು ನಿಮಿಷ ಎಂದು ವಿವರಿಸುತ್ತಾರೆಯೇ ಹೊರತು ಕಿಂಡಿಯ ಮಾತೆತ್ತುವುದು ಅಪರೂಪ.

ಕಿಂಡಿ ಇದ್ದರೂ ಗೊಂದಲ ತಪ್ಪಿದ್ದಲ್ಲ. ಎಪಿಸಿಯ ಎಷ್ಟೋ ಮಾದರಿಗಳಲ್ಲಿ ಡೇಟಾ ಕಿಂಡಿ ನೋಡಲು ಥೇಟ್ ಲ್ಯಾನ್ ಕಿಂಡಿಯಂತೆಯೇ ಇದೆ. ಒಳಗಿರುವುದು ಎಂಟಲ್ಲ, ಹತ್ತು ಪಿನ್. ಅದಕ್ಕೆ ಕಂಪನಿಯದೇ ಕೇಬಲ್ ಬೇಕು, ಲ್ಯಾನ್ ಕೇಬಲ್ ಚುಚ್ಚಿದರೆ ಏನೂ ಆಗದು. ಇದರ ಪಕ್ಕದಲ್ಲೇ ನಿಜವಾದ ಲ್ಯಾನ್ ಕಿಂಡಿಗಳ ಜೋಡಿಯೂ ಇರಬಹುದು. ಅವು ಸರ್ಜ್ ತಡೆಗೆ ಮಾತ್ರ. ಅವುಗಳ ಮೂಲಕ ನ್ಯಾಸ್‌ಗೆ ಯಾವ ಸುದ್ದಿಯೂ ಹೋಗುವುದಿಲ್ಲ. ಇನ್ನು ಅಗ್ಗದ ಯುಪಿಎಸ್‌ಗಳಲ್ಲಿ ಯುಎಸ್‌ಬಿ ಇದ್ದರೂ ಅವು ಮೆಗಾಟೆಕ್ ಎಂಬ ಹಳೆಯ ಸೀರಿಯಲ್ ಪದ್ಧತಿಯಲ್ಲಿ ಮಾತಾಡುವುದುಂಟು. ಸ್ವಂತ ಲಿನಕ್ಸ್ ಯಂತ್ರದಲ್ಲಿ ನಟ್ ಹಾಕಿಕೊಂಡವರು ಅದಕ್ಕೆ ತಕ್ಕ ಡ್ರೈವರ್ ಆರಿಸಬಹುದು. ಸಿದ್ಧ ನ್ಯಾಸ್ ಕೊಂಡವರಿಗೆ ತಯಾರಕರ ಹೊಂದಾಣಿಕೆ ಪಟ್ಟಿಯೇ ಗತಿ.

ಕರ್ನಾಟಕದ ಮನೆಗಳಲ್ಲಿ ಇನ್ವರ್ಟರ್ ಮೊದಲೇ ಇರುವುದರಿಂದ ಇನ್ನೊಂದು ಡಬ್ಬ ದಂಡ ಎಂಬ ವಾದ ಕೇಳಿಬರುತ್ತದೆ. ಈ ವಾದದಲ್ಲಿ ಅರ್ಧ ಹುರುಳಿದೆ. ಯುಪಿಎಸ್ ಮೋಡ್‌ನಲ್ಲಿಟ್ಟ ಒಳ್ಳೆಯ ಇನ್ವರ್ಟರ್ ಹತ್ತು ಮಿಲಿಸೆಕೆಂಡ್ ಆಸುಪಾಸಿನಲ್ಲಿ ಬ್ಯಾಟರಿಗೆ ಹೊರಳುತ್ತದೆ. ನ್ಯಾಸ್‌ನ ಅಡಾಪ್ಟರ್ ಅಷ್ಟು ಹೊತ್ತನ್ನು ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. 150 ಆಂಪಿಯರ್-ಗಂಟೆಯ ಟ್ಯೂಬುಲರ್ ಬ್ಯಾಟರಿ ಗಂಟೆಗಟ್ಟಲೆ ನಡೆಸುತ್ತದೆ ಕೂಡ. ಆದರೆ ಮನೆಯ ಸಾಮಾನ್ಯ ಇನ್ವರ್ಟರ್‌ಗೆ ಡೇಟಾ ಕಿಂಡಿ ಇಲ್ಲ. ತಾನು ಮುಗಿಯುತ್ತಿದ್ದೇನೆಂದು ಅದು ಹೇಳುವುದು ಬೀಪ್ ಶಬ್ದದಲ್ಲಿ, ಅದೂ ಮನೆಯಲ್ಲಿ ಮನುಷ್ಯರಿದ್ದರೆ. ಇಲ್ಲಿ ಸರಿಯಾದ ದಾರಿ ಎರಡನ್ನೂ ಒಂದರ ಹಿಂದೆ ಒಂದಾಗಿ ಇಡುವುದು: ಇನ್ವರ್ಟರ್ ಲೈನ್‌ಗೆ ಸಣ್ಣ ಯುಪಿಎಸ್, ಅದಕ್ಕೆ ನ್ಯಾಸ್. ಸಮಯ ಕೊಡುವುದು ದೊಡ್ಡ ಬ್ಯಾಟರಿ, ಸುದ್ದಿ ಕೊಡುವುದು ಚಿಕ್ಕದು. ಇನ್ವರ್ಟರ್ ನಡೆಯುವಷ್ಟು ಹೊತ್ತು ಯುಪಿಎಸ್‌ಗೆ ಕರೆಂಟ್ ಹೋದದ್ದೇ ಗೊತ್ತಿರುವುದಿಲ್ಲ. ಅದು ಬ್ಯಾಟರಿ ಮೇಲೆ ಬಂತೆಂದರೆ ಇನ್ವರ್ಟರ್ ಮುಗಿಯಿತೆಂದೇ ಅರ್ಥ, ಕಾಯಲು ಕಾರಣವೇ ಇಲ್ಲ. ಎರಡು ನಿಮಿಷದಲ್ಲಿ ಮುಚ್ಚಬಹುದು. ಒಂದು ಷರತ್ತು ಉಂಟು: ಇನ್ವರ್ಟರ್ ಸೈನ್ ವೇವ್ ಆಗಿರಬೇಕು. ಸ್ಕ್ವೇರ್ ವೇವ್ ಇನ್ವರ್ಟರ್‌ನ ಒರಟು ಅಲೆಯನ್ನು ಎಷ್ಟೋ ಯುಪಿಎಸ್‌ಗಳು ಕರೆಂಟ್ ಎಂದೇ ಒಪ್ಪದೆ ತಮ್ಮ ಬ್ಯಾಟರಿಯನ್ನೇ ಖಾಲಿ ಮಾಡಿಕೊಳ್ಳುತ್ತವೆ. ರೂಟರ್‌ಗೆಂದು ಮಾರುವ 12 ವೋಲ್ಟ್ ಪುಟ್ಟ ಯುಪಿಎಸ್‌ಗಳು ನ್ಯಾಸ್‌ಗೆ ಸಲ್ಲವು: ಎರಡು ಡಿಸ್ಕ್ ಒಟ್ಟಿಗೆ ತಿರುಗಲು ತೊಡಗುವಾಗಿನ ಎಳೆತವನ್ನು ತಾಳದಿರಬಹುದು, ಸುದ್ದಿ ಕೊಡುವ ಕೇಬಲ್ಲಂತೂ ಇಲ್ಲವೇ ಇಲ್ಲ.

ಕರೆಂಟ್ ಹೋಗುವುದರ ಬಗ್ಗೆ ಇಷ್ಟು ಯೋಚಿಸಿದ ತಯಾರಕರು ಮರಳಿ ಬರುವುದರ ಬಗ್ಗೆ ಅಷ್ಟು ಯೋಚಿಸಿಲ್ಲ. ನ್ಯಾಸ್ ಪೂರ್ತಿ ಆಫ್ ಆದ ಮೇಲೆ, ಯುಪಿಎಸ್ ಇನ್ನೂ ಜೀವಂತ ಇರುವಾಗಲೇ ಕರೆಂಟ್ ಬಂದಿತು ಎಂದುಕೊಳ್ಳೋಣ. ನ್ಯಾಸ್‌ನ ಮಟ್ಟಿಗೆ ವಿದ್ಯುತ್ ಕಡಿತವಾಗಿಯೇ ಇಲ್ಲ. ಕರೆಂಟ್ ಬಂದಾಗ ಏಳು ಎಂಬ ಸೆಟ್ಟಿಂಗ್ ಇದ್ದರೂ ಅದು ಮಲಗಿಯೇ ಇರುತ್ತದೆ. ಊರಿಗೆ ಹೋದವರು ಅಲ್ಲಿಂದ ಕಡತ ತೆರೆಯಲು ಹೋದಾಗಲೇ ಇದು ಗೊತ್ತಾಗುವುದು. ನಟ್‌ನಲ್ಲಿ ಇದಕ್ಕೆ ಉತ್ತರವಿದೆ: ಮುಚ್ಚುವ ಕೊನೆಯ ಹಂತದಲ್ಲಿ ಯುಪಿಎಸ್‌ಗೇ ಆಜ್ಞೆ ಹೋಗಿ, ಅದು ಕೆಲವು ಸೆಕೆಂಡ್ ನಂತರ ತನ್ನ ಸಾಕೆಟ್‌ಗಳನ್ನು ಕಡಿದು, ಕರೆಂಟ್ ಇದ್ದರೆ ಮತ್ತೆ ಕೊಡುತ್ತದೆ. ಡಿಎಸ್‌ಎಂನಲ್ಲಿ ಸೇಫ್ ಮೋಡ್‌ಗೆ ಹೋದಾಗ ಯುಪಿಎಸ್ ಅನ್ನೂ ಆಫ್ ಮಾಡು ಎಂಬ ಚೌಕಕ್ಕೆ ಗುರುತು ಹಾಕುವುದು ಇದೇ ಕಾರಣಕ್ಕೆ. ಆದರೆ ಆ ಸಾಕೆಟ್‌ಗಳಲ್ಲಿ ರೂಟರ್ ಇದ್ದರೆ ಇಂಟರ್ನೆಟ್ಟೂ ಅದರ ಜೊತೆಗೇ ಹೋಗುತ್ತದೆ.

ಮಲೆನಾಡಿನ ಮಳೆಗಾಲದಲ್ಲಿ ಇನ್ನೊಂದು ಕೊರತೆ ಎದ್ದು ಕಾಣುತ್ತದೆ. ಅಲ್ಲಿ ಕರೆಂಟ್ ಒಮ್ಮೆ ಹೋಗಿ ಒಮ್ಮೆ ಬರುವುದಿಲ್ಲ. ಬಂದು, ಹತ್ತು ನಿಮಿಷ ಇದ್ದು, ಮತ್ತೆ ಹೋಗುತ್ತದೆ. ಬರಿದಾದ ಸಣ್ಣ ಬ್ಯಾಟರಿ ತುಂಬಲು ಆರೆಂಟು ಗಂಟೆ ಬೇಕು. ನ್ಯಾಸ್ ಮಾತ್ರ ಕರೆಂಟ್ ಕಂಡೊಡನೆ ಎದ್ದು ಡಿಸ್ಕ್ ಪರಿಶೀಲನೆಗೆ ತೊಡಗುತ್ತದೆ, ಎರಡನೆಯ ಕಡಿತಕ್ಕೆ ಯುಪಿಎಸ್‌ನಲ್ಲಿ ಏನೂ ಉಳಿದಿರುವುದಿಲ್ಲ. ಬ್ಯಾಟರಿ ಇಷ್ಟು ತುಂಬುವವರೆಗೆ ಏಳಬೇಡ ಎಂದು ಹೇಳುವ ಸೌಲಭ್ಯ ಕೆಲವು ಯುಪಿಎಸ್‌ಗಳಲ್ಲಿದೆ, ನಟ್ ಮೂಲಕ ಹೊಂದಿಸಲೂಬಹುದು. ಮನೆಬಳಕೆಯ ನ್ಯಾಸ್ ಮೆನುಗಳಲ್ಲಿ ಸಾಮಾನ್ಯವಾಗಿ ಸಿಗದು. ಬೇಗ ಮುಚ್ಚುವ ಸೆಟ್ಟಿಂಗ್‌ನ ದೊಡ್ಡ ಲಾಭ ಇಲ್ಲಿಯೇ ಇದೆ: ಮೊದಲ ಸಲ ಐದೇ ನಿಮಿಷಕ್ಕೆ ಮುಚ್ಚಿ, ಯುಪಿಎಸ್ಸೂ ಆಫ್ ಆಗಿದ್ದರೆ ಎರಡನೆಯ, ಮೂರನೆಯ ಕಡಿತಕ್ಕೂ ಬ್ಯಾಟರಿಯಲ್ಲಿ ಶಕ್ತಿ ಉಳಿದಿರುತ್ತದೆ.

ಒಂದೇ ಯುಪಿಎಸ್‌ಗೆ ಎರಡು ನ್ಯಾಸ್ ಇದ್ದರೆ ಯುಎಸ್‌ಬಿ ಒಂದಕ್ಕೆ ಮಾತ್ರ ಸಿಗುತ್ತದೆ. ಅದು ಸರ್ವರ್ ಆಗಿ 3493ನೇ ಪೋರ್ಟ್ ಮೂಲಕ ಇನ್ನೊಂದಕ್ಕೆ ಸುದ್ದಿ ಹಂಚುತ್ತದೆ. ಇನ್ನೊಂದು ಮುಚ್ಚಿಕೊಳ್ಳಲು ಸ್ವಲ್ಪ ಹೊತ್ತು ಕೊಟ್ಟು ಆಮೇಲೆ ತಾನು ಮುಚ್ಚಿಕೊಳ್ಳುತ್ತದೆ. ಇವುಗಳ ನಡುವಿನ ಸ್ವಿಚ್‌ಗೆ ಯುಪಿಎಸ್ ಕರೆಂಟ್ ಇಲ್ಲದಿದ್ದರೆ ಈ ಏರ್ಪಾಡೆಲ್ಲ ವ್ಯರ್ಥ, ಹೆಚ್ಚಾಗಿ ಮರೆಯುವುದೂ ಇದನ್ನೇ. ಸಿನಾಲಜಿಯಲ್ಲಿ ಈ ಸರ್ವರ್‌ನ ಬಳಕೆದಾರ ಹೆಸರು, ಪಾಸ್‌ವರ್ಡ್ ಎಲ್ಲ ಪೆಟ್ಟಿಗೆಗಳಲ್ಲೂ ಒಂದೇ ಆಗಿ ಬಂದಿವೆ, ಎಲ್ಲರಿಗೂ ಗೊತ್ತಿವೆ. ಅನುಮತಿ ಪಡೆದ ಐಪಿ ವಿಳಾಸಗಳ ಪಟ್ಟಿಯೊಂದೇ ಅಲ್ಲಿನ ಬೇಲಿ. ಮನೆಯೊಳಗಿನ ನೆಟ್‌ವರ್ಕ್‌ಗೆ ಅದು ಸಾಕೆಂದು ಬಿಡಬಹುದಾದರೂ ಪೋರ್ಟನ್ನು ಹೊರಗಿನ ಇಂಟರ್ನೆಟ್‌ಗೆ ತೆರೆಯಲು ಅದು ಏನೇನೂ ಸಾಲದು.

ಇಷ್ಟೆಲ್ಲ ಮಾಡಿ ಪರೀಕ್ಷಿಸದೆ ಬಿಟ್ಟರೆ ಜೋಡಣೆ ಮುಗಿದಂತಲ್ಲ. ಯುಎಸ್‌ಬಿ ಕಿತ್ತು ನೋಡುವುದು ಪರೀಕ್ಷೆಯಲ್ಲ. ಆಗ ನ್ಯಾಸ್‌ಗೆ ಯುಪಿಎಸ್ ಕಾಣೆಯಾಗಿದೆ ಎಂದಷ್ಟೇ ತಿಳಿಯುತ್ತದೆ. ಯುಪಿಎಸ್‌ನ ಪ್ಲಗ್ಗನ್ನು ಗೋಡೆಯಿಂದ ಕೀಳುವುದೂ ಒಳ್ಳೆಯದಲ್ಲ, ಅರ್ಥಿಂಗ್ ತಪ್ಪುತ್ತದೆ. ನಮ್ಮ ಗೋಡೆ ಸಾಕೆಟ್‌ಗಳಿಗೆ ಸ್ವಿಚ್ ಇದೆ; ಅದನ್ನು ಆಫ್ ಮಾಡಿದರೆ ಫೇಸ್ ಮಾತ್ರ ಕಡಿಯುತ್ತದೆ, ಅರ್ಥಿಂಗ್ ಉಳಿಯುತ್ತದೆ. ಮುಖ್ಯ ಕಡತಗಳ ಪ್ರತಿ ಬೇರೆ ಕಡೆ ಇದೆಯೆಂದು ಖಚಿತಪಡಿಸಿಕೊಂಡು, ನಕಲು ಕೆಲಸಗಳನ್ನೆಲ್ಲ ನಿಲ್ಲಿಸಿ, ಸ್ವಿಚ್ ಆಫ್ ಮಾಡಿ ಗಡಿಯಾರ ನೋಡಬೇಕು. ಗೊತ್ತುಪಡಿಸಿದ ನಿಮಿಷಕ್ಕೆ ಸೇಫ್ ಮೋಡ್ ಬಂತೇ, ಯುಪಿಎಸ್ ಆಫ್ ಆಯಿತೇ, ಸ್ವಿಚ್ ಮತ್ತೆ ಹಾಕಿದಾಗ ನ್ಯಾಸ್ ತಾನಾಗಿ ಎದ್ದಿತೇ ಎಂಬ ಮೂರನ್ನೂ ಲಾಗ್‌ನಲ್ಲಿ ತಾಳೆ ನೋಡಬೇಕು. ವರ್ಷಕ್ಕೊಮ್ಮೆ, ಬ್ಯಾಟರಿ ಬದಲಿಸಿದಾಗ ಮತ್ತು ನ್ಯಾಸ್‌ನ ತಂತ್ರಾಂಶದ ದೊಡ್ಡ ಅಪ್‌ಡೇಟ್ ಆದಾಗ ಇದನ್ನು ಮತ್ತೆ ಮಾಡಬೇಕು.