ಮೊಸ್ಕೇನಿಯ ಬಣ್ಣ, ನಮ್ಮ ನೆಲದ ಕ್ರಿಸ್ತ

ಮಂಗಳೂರಿನ ಲೈಟ್‌ಹೌಸ್ ಹಿಲ್ ಮೇಲಿನ ಸಂತ ಅಲೋಶಿಯಸ್ ಚಾಪೆಲ್ಲಿಗೆ ಬರುವ ಹೆಚ್ಚಿನವರು ತಲೆಯೆತ್ತಿ ಛಾವಣಿ ನೋಡುತ್ತಾರೆ, ಬೆರಗಾಗುತ್ತಾರೆ, ಹೊರಡುತ್ತಾರೆ. ಆ ಬೆರಗು ನ್ಯಾಯವಾದದ್ದೇ. ಆದರೆ ಈ ಚಿತ್ರಗಳು ಬೆರಗಿಗಿಂತ ಹೆಚ್ಚಿನದನ್ನು ಕೇಳುತ್ತವೆ. ಕ್ರೈಸ್ತ ವಿಶ್ವಾಸದಲ್ಲಿ ಚಿತ್ರಕ್ಕೆ ಏನು ಕೆಲಸ ಎಂಬ ಪ್ರಶ್ನೆಗೆ ಕರ್ನಾಟಕದಲ್ಲಿ ಬಣ್ಣದಲ್ಲಿ ಬರೆದ ಅತಿ ದೊಡ್ಡ ಉತ್ತರಗಳಲ್ಲಿ ಇದೊಂದು. ಅದರ ಸಾಧನೆಯಷ್ಟೇ ಅದರ ಮಿತಿಯನ್ನೂ ನಾವು ಪರಿಶೀಲಿಸಬೇಕು.

ಇವನ್ನು ಬರೆದವರು ಅಂತೋನಿಯೊ ಮೊಸ್ಕೇನಿ. 1854ರಲ್ಲಿ ಇಟಲಿಯ ಬೆರ್ಗಾಮೊ ಸೀಮೆಯಲ್ಲಿ ಹುಟ್ಟಿ, ಚಿತ್ರಕಲೆಯನ್ನು ಶಾಸ್ತ್ರೀಯವಾಗಿ ಕಲಿತು, ಕಲಾವಿದರಾಗಿ ದುಡಿದ ಮೇಲೆ ಯೇಸುಸಭೆಗೆ ಸೇರಿದವರು. ಗುರುದೀಕ್ಷೆ ಪಡೆಯದೆ ಬ್ರದರ್ ಆಗಿಯೇ ಉಳಿದರು. ಕುಂಚವೇ ಅವರ ಸೇವೆಯಾಯಿತು. 19ನೇ ಶತಮಾನದ ಕೊನೆಯಲ್ಲಿ ಮಂಗಳೂರಿಗೆ ಬಂದು ಈ ಚಾಪೆಲ್ಲಿನ ಗೋಡೆ, ಕಮಾನು, ಛಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು.

ಛಾವಣಿಯ ನಡುವೆ ಸಂತ ಅಲೋಶಿಯಸ್ ಗೊನ್ಸಾಗರ ಬದುಕಿದೆ. 1568ರಲ್ಲಿ ಶ್ರೀಮಂತ ಮನೆತನದಲ್ಲಿ ಹುಟ್ಟಿ, ವಾರಸುದಾರಿಕೆ ಬಿಟ್ಟುಕೊಟ್ಟು, ರೋಮಿನಲ್ಲಿ ಸೋಂಕು ಹಿಡಿದವರ ಶುಶ್ರೂಷೆ ಮಾಡುತ್ತಾ 23ನೇ ವಯಸ್ಸಿಗೆ ತಾವೂ ಅದಕ್ಕೆ ಬಲಿಯಾದ ಯುವಕ ಅವರು. ಕಾಲೇಜು ಹುಡುಗರು ಪ್ರಾರ್ಥಿಸುವ ಜಾಗದಲ್ಲಿ ಅವರದೇ ವಯಸ್ಸಿನವನ ತ್ಯಾಗವನ್ನು ನೆತ್ತಿಯ ಮೇಲೆ ಬರೆದದ್ದು ಬಹು ಯೋಚಿಸಿ ಮಾಡಿದ ಆಯ್ಕೆ. ರೋಗಿಯ ಭಾರ ಹೊತ್ತ ಯುವಕನನ್ನು ಕಂಡವರಿಗೆ ಸೇವೆಯ ಅರ್ಥವನ್ನು ಬೇರೆ ಯಾರೂ ವಿವರಿಸಬೇಕಿಲ್ಲ. ಸಮತಟ್ಟಾದ ಮೇಲ್ಮೈಯಲ್ಲಿ ಉಬ್ಬುಕೆತ್ತನೆಯ ಭ್ರಮೆ ಹುಟ್ಟಿಸುವ ಅಲಂಕಾರಪಟ್ಟಿಗಳು, ಸಾಲುಗಟ್ಟಿ ನಿಂತ ಪ್ರೇಷಿತರು ಮತ್ತು ಸಂತರು ಆ ಕಥೆಗೆ ಚೌಕಟ್ಟಾಗುತ್ತಾರೆ. ಇಲ್ಲಿ ಕೌಶಲ ತನ್ನನ್ನು ಮೆರೆಸಿಕೊಳ್ಳುವುದಿಲ್ಲ, ಕಥೆಯ ಸೇವೆ ಮಾಡುತ್ತದೆ. ಚಿತ್ರಕಾರನ ದುಡಿಮೆಯೇ ಪ್ರಾರ್ಥನೆ ಎಂದು ನಾನು ನಂಬುವುದು ಇಂಥ ಕೆಲಸವನ್ನು ಕಂಡು.

ಚಿತ್ರಕ್ಕೆ ಈ ಸ್ಥಾನ ಸುಮ್ಮನೆ ದಕ್ಕಿದ್ದಲ್ಲ. ದೇವರನ್ನು ಬಣ್ಣದಲ್ಲಿ ಹಿಡಿಯಬಹುದೇ ಎಂಬ ಪ್ರಶ್ನೆಗೆ ಬೈಜಾಂಟಿಯಮ್ಮಿನಲ್ಲಿ ಹಿಂಸಾಚಾರವೇ ನಡೆದಿದೆ, ಪ್ರತಿಮೆಗಳು ಒಡೆದಿವೆ. ದೇವರೇ ಮನುಷ್ಯದೇಹ ಧರಿಸಿ ಕಣ್ಣಿಗೆ ಕಂಡ ಮೇಲೆ ಆ ರೂಪವನ್ನು ಬರೆಯುವುದು ತಪ್ಪಲ್ಲ ಎಂದು ವಾದಿಸಿದವರು ದಮಾಸ್ಕಸ್ಸಿನ ಸಂತ ಯೊವಾನ್ನರು. 787ರ ಎರಡನೇ ನಿಕೇಯ ಮಹಾಸಭೆ ಆ ನಿಲುವನ್ನೇ ಎತ್ತಿಹಿಡಿಯಿತು. ಮಂಗಳೂರಿನಲ್ಲೇ ಇನ್ನೊಂದು ದಾರಿಯೂ ಇತ್ತು. 1834ರಲ್ಲಿ ಬಂದ ಬಾಸೆಲ್ ಮಿಷನ್ನಿನವರು ಚಿತ್ರಕ್ಕಿಂತ ಅಕ್ಷರವನ್ನು ನೆಚ್ಚಿದರು. ಅವರ ಸೃಜನಶೀಲತೆ 1843ರ ‘ಮಂಗಳೂರ ಸಮಾಚಾರ’ವಾಗಿ, 1894ರ ಕಿಟೆಲ್ ನಿಘಂಟಾಗಿ ಕನ್ನಡಕ್ಕೆ ಸಂದಿತು.

ಇಲ್ಲಿಯೇ ಮೊಸ್ಕೇನಿಯವರ ಮಿತಿ ಎದ್ದು ಕಾಣುವುದು. ಬಾಸೆಲ್ ಮಿಷನ್ನಿನ ಅಕ್ಷರ ಈ ನೆಲದ ಭಾಷೆಯನ್ನು ಕಲಿಯಿತು. ಚಾಪೆಲ್ಲಿನ ಬಣ್ಣ ಕಲಿಯಲಿಲ್ಲ. ಅಲೋಶಿಯಸರ ಇಟಲಿ ಇಟಲಿಯಾಗಿಯೇ ಇರಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಸ್ವರ್ಗವೂ ಯೂರೋಪಿನದೇ. ದೇವದೂತರ ಮೈಬಣ್ಣ, ಉಡುಪಿನ ನೆರಿಗೆ, ಮುಖಭಾವ, ಎಲ್ಲವೂ ಬೆರ್ಗಾಮೊದಿಂದ ಬಂದವು. ಕರಾವಳಿಯ ಒಂದು ಮುಖಕ್ಕೂ ಆ ಆಕಾಶದಲ್ಲಿ ಎಡೆ ಸಿಕ್ಕಿಲ್ಲ. ಅದು ಆ ಕಾಲದ ಧರ್ಮಸಭೆಯ ದೃಷ್ಟಿ. ಒಬ್ಬ ಕಲಾವಿದನ ಮೇಲೆ ಹೊರಿಸುವ ದೋಷವಲ್ಲ. ಆದರೂ ದೇವರು ನಮ್ಮ ನಡುವೆ ದೇಹ ತಳೆದನೆಂಬ ವಿಶ್ವಾಸವೇ ಚಿತ್ರಕಲೆಗೆ ಆಧಾರವಾದರೆ, ಆ ದೇಹಕ್ಕೆ ಈ ಊರಿನ ಬಿಸಿಲು ತಾಗಲೇಬೇಕು.

ಅದನ್ನು ಮಾಡಿದವರು ಮುಂದೆ ಬಂದರು. ಗೋವೆಯ ಆಂಜೆಲೊ ಡ ಫೊನ್ಸೆಕ ಶಾಂತಿನಿಕೇತನದಲ್ಲಿ ಕಲಿತು ಮರಿಯಮ್ಮನಿಗೆ ಸೀರೆ ಉಡಿಸಿದರು. ತಾಯ್ನೆಲದಲ್ಲಿ ವಿರೋಧ ಎದುರಾಯಿತು. ಪುಣೆಯ ಕ್ರಿಸ್ತ ಪ್ರೇಮ ಸೇವಾ ಆಶ್ರಮ ಅವರಿಗೆ ನೆಲೆ ಕೊಟ್ಟಿತು. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ, ಯಾವ ಒಂದು ಶೈಲಿಯೂ ಧರ್ಮಸಭೆಯ ಸ್ವಂತದ್ದಲ್ಲ, ಎಲ್ಲ ಜನಾಂಗಗಳ ಕಲೆಗೂ ಅಲ್ಲಿ ಸ್ಥಾನವಿದೆ ಎಂದು ಸಾರಿತು. ಬೆಂಗಳೂರಿನ ಹೊರವಲಯದ ಸಿಲ್ವೆಪುರದಲ್ಲಿ ನೆಲೆಸಿದ ಜ್ಯೋತಿ ಸಾಹಿ ಮರ, ಬೀಜ, ನೀರು, ಮಣ್ಣುಗಳ ಮೂಲಕ ಶುಭಸಂದೇಶವನ್ನು ಓದಿದರು. ಅವರ ಚಿತ್ರಗಳಲ್ಲಿ ಮೊಸ್ಕೇನಿಯ ವೈಭವವಿಲ್ಲ. ಕೆಲವೊಮ್ಮೆ ಸಂಕೇತಗಳು ದಟ್ಟವಾಗಿ, ಸಾಮಾನ್ಯ ಭಕ್ತನಿಗೆ ವಿವರಣೆ ಬೇಕಾಗುತ್ತದೆ. ಆದರೆ ಅಲ್ಲಿ ಕ್ರಿಸ್ತ ಅತಿಥಿಯಲ್ಲ, ಈ ಮಣ್ಣಿನವನು.

ಇಂದು ಹೊಸ ಇಗರ್ಜಿ ಕಟ್ಟುವಾಗ ನಾವು ಈ ಎರಡೂ ಪಾಠಗಳನ್ನು ಮರೆಯುತ್ತಿದ್ದೇವೆ. ಅಚ್ಚಿನಲ್ಲಿ ಎರಕ ಹೊಯ್ದ ಫೈಬರ್ ಪ್ರತಿಮೆ, ಫ್ಲೆಕ್ಸಿನಲ್ಲಿ ಮುದ್ರಿಸಿದ ಯೂರೋಪಿನ ಮುಖ ಇಷ್ಟಕ್ಕೇ ತೃಪ್ತರಾಗುತ್ತೇವೆ. ಅಲ್ಲಿ ಮೊಸ್ಕೇನಿಯ ಶ್ರಮವೂ ಇಲ್ಲ, ಫೊನ್ಸೆಕರ ಧೈರ್ಯವೂ ಇಲ್ಲ. ಗಾಯನವೃಂದಕ್ಕೆ ಕೊಡುವ ಸಮಯ ಮತ್ತು ಹಣದಲ್ಲಿ ಒಂದು ಪಾಲನ್ನು ಧರ್ಮಕೇಂದ್ರಗಳು ಊರಿನ ಚಿತ್ರಕಾರರಿಗೂ ಕೊಡಲಿ. ಅವರು ಕ್ರೈಸ್ತರೇ ಆಗಿರಬೇಕೆಂದಿಲ್ಲ. ಕಥೆಯನ್ನು ಗೌರವದಿಂದ ಓದಬಲ್ಲವರಾದರೆ ಸಾಕು. ಮೊಸ್ಕೇನಿಯವರಿಗೆ ನಿಜವಾದ ಗೌರವ ಅವರ ಚಿತ್ರಗಳ ಪಡಿಯಚ್ಚು ತೆಗೆಯುವುದರಲ್ಲಿಲ್ಲ. ಅವರು ತಮ್ಮ ಜನರ ಮುಖಗಳಿಗೆ ತೋರಿದ ಪ್ರೀತಿಯನ್ನು ನಾವು ನಮ್ಮ ಜನರ ಮುಖಗಳಿಗೆ ತೋರುವುದರಲ್ಲಿದೆ.