ಹರಕೆ ಮತ್ತು ಹಕ್ಕು: ಅಂಕೋಲೆಯ ಚುನಾವಣಾ ಪ್ರಚಾರದಲ್ಲಿ ವರ್ಗ ಪೂರ್ವಗ್ರಹ

ಚುನಾವಣಾ ಪ್ರಚಾರದಲ್ಲಿ ವರ್ಗ ಪೂರ್ವಗ್ರಹವು ಯಾವಾಗಲೂ ತಿರಸ್ಕಾರದ ಮಾತಾಗಿಯೇ ಪ್ರಕಟವಾಗುವುದಿಲ್ಲ. ಗೌರವದ ರೂಪದಲ್ಲಿಯೂ ಅದು ಅಡಗಿರಬಲ್ಲದು. 2008ರಿಂದ ಒಂದೇ ವಿಧಾನಸಭಾ ಕ್ಷೇತ್ರವಾಗಿರುವ ಕಾರವಾರ, ಅಂಕೋಲೆ ತಾಲೂಕುಗಳ ಹಾಲಕ್ಕಿ ಒಕ್ಕಲಿಗರ ವಿಷಯದಲ್ಲಿ ಇದನ್ನು ಪರಿಶೀಲಿಸಬಹುದು.

2023ರ ಮೇ 3ರಂದು ಅಂಕೋಲೆಯ ಚುನಾವಣಾ ಸಭೆಗೆ ಬಂದ ಪ್ರಧಾನಿ ನರೇಂದ್ರ ಮೋದಿಯವರು ಪದ್ಮಶ್ರೀ ಪುರಸ್ಕೃತರಾದ ಸುಕ್ರಿ ಬೊಮ್ಮಗೌಡ ಹಾಗೂ ತುಳಸಿ ಗೌಡರಿಗೆ ನಮಸ್ಕರಿಸಿ ಆಶೀರ್ವಾದ ಪಡೆದರು. ಹಿರಿಯರಿಗೆ ತಲೆಬಾಗುವುದು ಸಹಜ ಶಿಷ್ಟಾಚಾರ. ಆದರೆ ಪ್ರಚಾರಕ್ಕೆ ಒದಗುವುದು ಮಣಿಸರ ತೊಟ್ಟ ಹಿರಿಯರ ಚಿತ್ರ. ಸುಕ್ರಿಯವರ ಮದ್ಯವಿರೋಧಿ ಹೋರಾಟವನ್ನಾಗಲಿ, ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬಹುಕಾಲದ ಬೇಡಿಕೆಯನ್ನಾಗಲಿ ಆ ಚಿತ್ರ ಹೇಳಲಾರದು. ಶ್ರಮಿಕರು ಹಾಡಬೇಕು, ಹರಸಬೇಕು. ಹಕ್ಕಿನ ಮಾತನ್ನು ಓದಿದವರು ಆಡಬೇಕು ಎಂಬ ವಿಂಗಡಣೆಯೇ ಇಲ್ಲಿಯ ಪೂರ್ವಗ್ರಹ. ಇದು ಒಂದು ಪಕ್ಷಕ್ಕೆ ಸೀಮಿತವಲ್ಲ. ಹಾಡನ್ನು ಬರೆದುಕೊಂಡು ಹಾಡಿದವಳ ಬದುಕನ್ನು ಕೈಬಿಟ್ಟ ಜಾನಪದ ಸಂಗ್ರಹಕಾರ್ಯವೂ ಇದರಿಂದ ಮುಕ್ತವಲ್ಲ.

ಇದೇ ನೆಲದ ದಿನಕರ ದೇಸಾಯಿಯವರು ಗೇಣಿದಾರರನ್ನು ಸಂಘಟಿಸಿ 1940ರಲ್ಲಿ ಜಿಲ್ಲೆಯಿಂದ ಗಡಿಪಾರಾದರು. 1967ರಲ್ಲಿ ಪಕ್ಷೇತರರಾಗಿ ಲೋಕಸಭೆಗೆ ಆಯ್ಕೆಯಾದರು. ಅವರೂ ಓದಿದ ವರ್ಗದವರೇ. ಆದರೂ ಅವರ ರೈತ ಚಳವಳಿಯಲ್ಲಿ ಒಕ್ಕಲು ಸಭೆಯ ಅಲಂಕಾರವಾಗಿರದೆ, ಗೇಣಿಯ ನ್ಯಾಯ ಕೇಳುವ ವ್ಯಕ್ತಿಯಾಗಿದ್ದನು.

ತುಳಸಿ ಗೌಡರು 2024ರಲ್ಲಿ, ಸುಕ್ರಿ ಬೊಮ್ಮಗೌಡರು 2025ರಲ್ಲಿ ನಿಧನರಾದರು. ಅವರ ಚಿತ್ರಗಳು ಮುಂದಿನ ಚುನಾವಣೆಗಳಲ್ಲಿಯೂ ಬಳಕೆಯಾಗಬಹುದು. ಆಗ ಕೇಳಬೇಕಾದ ಪ್ರಶ್ನೆಯೆಂದರೆ, ಹರಸಲು ಕರೆಸಿಕೊಂಡ ಹಾಲಕ್ಕಿ ಮಹಿಳೆಗೆ ವೇದಿಕೆಯಲ್ಲಿ ತನ್ನ ಬೇಡಿಕೆಯನ್ನು ತಾನೇ ಮಂಡಿಸುವ ಅವಕಾಶ ದೊರೆಯಿತೇ ಎಂಬುದು.